ಗ್ಲೌಸಿಗೆ ಬಿಸಿ ಕೊಡೋರು ಯಾರು?

(ಉತ್ತರಾಖಂಡದ ಕೇದಾರಕಂಠ ಶಿಖರದ ಚಳಿಗಾಲದ ಚಾರಣಕ್ಕೆ ಹೊರಟಿದ್ದ ತಂಡವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಕೆಲಸ ಮಾಡಿ. ಬಲಗೈಯ ಮೊಣಕೈಗಿಂತ ಸ್ವಲ್ಪ ಕೆಳಗೆ, ಮುಂಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ. ಈಗ ಹಾರ್ಮೋನಿಯಂ ನುಡಿಸೋ ಹಾಗೆ ಬಲಗೈ ಬೆರಳು ಆಡಿಸಿ. ಎಡಗೈ ಕೆಳಗೆ ಏನೋ ಹರಿದಾಡಿದ ಹಾಗೆ ಆಗುತ್ತಿದೆ, ಅಲ್ವಾ? ಬೆರಳನ್ನು ಎಳೆದು ಆಡಿಸುವ ಸ್ನಾಯುಗಳು ಅವು. ಬೆರಳು ಅಲ್ಲಿದೆ, ಎಂಜಿನ್ನು ಇಲ್ಲಿದೆ. ಬೆರಳೊಳಗೆ ಇರೋದು ಮೂಳೆ, ನರ, ದಾರದಂಥ ಎಳೆಗಳು, ರಕ್ತನಾಳ, ಮೇಲೊಂದು ಚರ್ಮ. ಕೆಲಸ ಮಾಡಿ ಬಿಸಿ ಹುಟ್ಟಿಸುವ ಸ್ನಾಯು ಬೆರಳಲ್ಲಿ ಇಲ್ಲ ಅಂತಲೇ ಹೇಳಬೇಕು.

ಕೈ ಬಿಟ್ಟುಬಿಡಿ, ಸಾಕು. ಇದನ್ನು ಯಾಕೆ ಮಾಡಿಸಿದೆ ಅಂದರೆ, ಚಾರಣಕ್ಕೆ ಹೊರಡುವವರು ನನಗೆ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಸಾರ್, ಯಾವ ಗ್ಲೌಸ್ ತಗೊಳ್ಳಲಿ?’ ಹೇಳುತ್ತೇನೆ, ಆದರೆ ಆಮೇಲೆ. ಗ್ಲೌಸಿಗೆ ತನ್ನದು ಅಂತ ಬಿಸಿ ಇಲ್ಲ. ಅದು ಫ್ಲಾಸ್ಕ್ ಇದ್ದ ಹಾಗೆ. ಬಿಸಿ ಕಾಫಿ ಹಾಕಿದರೆ ಬಿಸಿ ಕಾಫಿ ಇರುತ್ತದೆ, ತಣ್ಣೀರು ಹಾಕಿದರೆ ತಣ್ಣೀರೇ ಇರುತ್ತದೆ. ಕೈ ಮರಗಟ್ಟಿದ ಮೇಲೆ ಎಷ್ಟು ದಪ್ಪ ಗ್ಲೌಸ್ ಹಾಕಿದರೂ ನೀವು ಜೋಪಾನ ಮಾಡುತ್ತಿರೋದು ತಣ್ಣಗಿನ ಕೈಯನ್ನು.

ನನ್ನ ಮೊದಲ ಹಿಮದ ಚಾರಣದ ಕಥೆ ಹೇಳಿಬಿಡುತ್ತೇನೆ. ನಗಬೇಡಿ. ಇದೇ ಕೇದಾರಕಂಠ. ಡೆಹ್ರಾಡೂನಿನಿಂದ ಇಡೀ ದಿನ ಜೀಪಿನಲ್ಲಿ ಕೂತು, ಚಾರಣ ಶುರುವಾಗುವ ಹಳ್ಳಿ ಸಾಂಕ್ರಿ ತಲುಪಿದೆವು. ಹನ್ನೆರಡು ಜನ. ಅದರಲ್ಲಿ ಹತ್ತು ಜನ ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಮಾರನೇ ದಿನ ಜೂಡಾ ಕಾ ತಾಲಾಬ್ ಅನ್ನುವ ಕೆರೆ ಹತ್ತಿರ ಹಿಮ ಸಿಕ್ಕಿತು ನೋಡಿ, ಎಲ್ಲರಿಗೂ ಹತ್ತು ವರ್ಷ ವಯಸ್ಸು. ಉಂಡೆ ಕಟ್ಟಿ ಎಸೆದಿದ್ದೇ ಎಸೆದಿದ್ದು. ನನ್ನ ಕೈಯಲ್ಲಿ ಇದ್ದದ್ದು ಊರಲ್ಲಿ ಫುಟ್‌ಪಾತ್ ಮೇಲೆ ಇನ್ನೂರು ರೂಪಾಯಿಗೆ ಕೊಂಡ ಉಲ್ಲನ್ ಗ್ಲೌಸ್. ಸಂಜೆ ಹೊತ್ತಿಗೆ ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ನಾನೇನು ಮಾಡಿದೆ? ಮನೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಾಗೆ ಟೆಂಟಿನ ಹಗ್ಗಕ್ಕೆ ಸಿಕ್ಕಿಸಿ ಮಲಗಿದೆ.

ಮುಂದಿನ ಕ್ಯಾಂಪಿನಲ್ಲೂ ಅದೇ ಹಾಡು. ಒಣಗಿರಲಿಲ್ಲ, ಮತ್ತೆ ಹಗ್ಗಕ್ಕೆ ಹಾಕಿದೆ. ತುದಿಗೆ ಹೋಗುವ ದಿನ ಬೆಳಗಿನ ಜಾವ ಎರಡೂವರೆಗೆ ಎಬ್ಬಿಸಿದರು. ಗ್ಲೌಸ್ ಮುಟ್ಟಿ ನೋಡಿದರೆ ಕಟಕ ರೊಟ್ಟಿ! ಐದು ಬೆರಳು ಅಗಲಿಸಿಕೊಂಡು ಗಟ್ಟಿಯಾಗಿ ನಿಂತಿತ್ತು, ಯಾರಿಗೋ ಆಶೀರ್ವಾದ ಮಾಡೋ ಹಾಗೆ. ಅದರೊಳಗೇ ಕೈ ತುರುಕಿ ಹೊರಟೆ.

ಮೊದಲ ಅರ್ಧ ಗಂಟೆ ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡ ಹಾಗೆ ನೋವು. ಆಮೇಲೆ ನಿಧಾನಕ್ಕೆ ನೋವು ಹೋಯಿತು. ‘ಪರವಾಗಿಲ್ಲ, ಕೈ ಹೊಂದಿಕೊಂಡಿತು’ ಅಂತ ನನಗೆ ಖುಷಿ. ನಮ್ಮ ಗೈಡ್ ಆ ಊರಿನದೇ ಹುಡುಗ, ಇಪ್ಪತ್ತೆರಡು ಇರಬಹುದು. ಹಿಂದೆ ಬರುತ್ತಿದ್ದವನು ನನ್ನ ಕೋಲು ಜಾರಿ ಬಿದ್ದದ್ದನ್ನು ನೋಡಿದ. ಬಂದು ಗ್ಲೌಸ್ ಬಿಚ್ಚಿಸಿ, ‘ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ’ ಅಂದ. ಆಗಲಿಲ್ಲ. ಬೆರಳು ನನ್ನದೇ, ಮಾತು ಮಾತ್ರ ಕೇಳುತ್ತಿಲ್ಲ. ಅವನು ನನ್ನ ಜಾಕೆಟ್ಟಿನ ಜಿಪ್ ಎಳೆದು, ನನ್ನ ಕೈಗಳನ್ನು ನನ್ನದೇ ಕಂಕುಳಿಗೆ ಸಿಕ್ಕಿಸಿ, ಮೇಲೆ ಜಿಪ್ ಹಾಕಿದ. ಆಮೇಲೆ ಅವನು ಕೇಳಿದ್ದು ಇದನ್ನು: ‘ರಾತ್ರಿ ಊಟ ಮಾಡಿದಿರಾ?’

ಮಾಡಿರಲಿಲ್ಲ. ಎತ್ತರಕ್ಕೆ ಹೋದರೆ ಕೆಲವರಿಗೆ ಹಸಿವು ಕಟ್ಟುತ್ತದೆ. ನಾನು ಎರಡು ಚಮಚ ಸೂಪು ಕುಡಿದು ಮಲಗಿದ್ದೆ. ಬೆಳಿಗ್ಗೆಯೂ ಟೀ ಮಾತ್ರ. ಆ ಹುಡುಗ ಜೇಬಿನಿಂದ ಬೆಲ್ಲದ ತುಂಡು ತೆಗೆದು ಬಾಯಿಗೇ ಹಾಕಿದ. ಚೀಲದಿಂದ ತನ್ನ ಒಂದು ಜೊತೆ ಒಣ ಕಾಲುಚೀಲ ತೆಗೆದು ನನ್ನ ಕೈಗೆ ತೊಡಿಸಿದ.

ಕೈ ಸೆಟೆದವನಿಗೆ ಊಟದ ವಿಚಾರ ಯಾಕೆ ಕೇಳಿದ ಅಂತ ನನಗೆ ಆವತ್ತು ಅರ್ಥ ಆಗಲಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು. ಅದೂ ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯವೇ.

ನಾನು ಭದ್ರಾ ನಾಲೆಯ ಕೊನೆಭಾಗದ ಊರಿನವನು. ಕೊನೆಭಾಗ ಅಂದರೆ ಏನು ಅಂತ ದಾವಣಗೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಡ್ಯಾಮು ತುಂಬಿದ ವರ್ಷ ನಮಗೂ ನೀರು. ಕಡಿಮೆಯಾದ ವರ್ಷ ಮೇಲಿನ ಊರಿನ ಗದ್ದೆಗೆ ನೀರು, ನಮ್ಮ ತೂಬಿಗೆ ಬೀಗ. ತೂಬು ಎತ್ತುವವನನ್ನು ನಮ್ಮ ಕಡೆ ಸೌಡಿ ಅನ್ನುತ್ತೇವೆ, ಮಂಡ್ಯ ಮೈಸೂರು ಕಡೆ ನೀರುಗಂಟಿ. ಎಲ್ಲರೂ ಬೈಯೋದು ಅವನನ್ನೇ. ಆದರೆ ಅವನ ಕೈಯಲ್ಲಿ ಏನಿದೆ? ಡ್ಯಾಮಿನಲ್ಲಿ ನೀರಿಲ್ಲದಿದ್ದರೆ ಅವನಾದರೂ ಎಲ್ಲಿಂದ ಬಿಟ್ಟಾನು?

ನಮ್ಮ ಮೈಯೊಳಗೂ ಒಬ್ಬ ನೀರುಗಂಟಿ ಇದ್ದಾನೆ. ಹೃದಯ, ಮೆದುಳು, ಶ್ವಾಸಕೋಶ, ಲಿವರ್ ಇವೆಲ್ಲ ಮೇಲ್ಭಾಗದ ಗದ್ದೆಗಳು. ಇವು ಸುಮಾರು 37 ಡಿಗ್ರಿಯಲ್ಲೇ ಇರಬೇಕು. ಎರಡು ಡಿಗ್ರಿ ಇಳಿದರೂ ಆಪತ್ತು. ಬೆರಳುಗಳು ಕೊನೆಭಾಗ. ಮೈಯ ಒಳಗಿನ ಬಿಸಿ ಸ್ವಲ್ಪ ಕಡಿಮೆಯಾಗುವ ಸೂಚನೆ ಸಿಕ್ಕರೆ ಸಾಕು, ಮೊದಲು ಬೆರಳಿಗೆ ಹೋಗುವ ರಕ್ತನಾಳಗಳನ್ನು ಬಿಗಿಯುತ್ತಾನೆ. ಬೆರಳಿಗೆ ಬಿಸಿ ಬರೋದೇ ರಕ್ತದಿಂದ. ಅಲ್ಲಿ ಎಂಜಿನ್ ಇಲ್ಲ ಅಂತ ಈಗಷ್ಟೇ ನೋಡಿದಿರಿ. ಜೊತೆಗೆ ಬೆರಳು ಸಣ್ಣ ಕಡ್ಡಿಯಂತೆ ಇದೆ. ಸುತ್ತ ಚರ್ಮ ಜಾಸ್ತಿ, ಒಳಗೆ ಸರಕು ಕಡಿಮೆ. ದೊಡ್ಡ ಹಂಡೆಯ ನೀರು ಗಂಟೆಗಟ್ಟಲೆ ಬಿಸಿ ಇರುತ್ತದೆ, ಚೊಂಬಿನ ನೀರು ಐದು ನಿಮಿಷಕ್ಕೆ ಆರುತ್ತದೆ, ಹಾಗೆ.

ಅಂದರೆ ನನ್ನ ಕೈ ಮರಗಟ್ಟಿದ್ದಕ್ಕೆ ಒದ್ದೆ ಗ್ಲೌಸ್ ಅರ್ಧ ಕಾರಣ. ಇನ್ನರ್ಧ, ಡ್ಯಾಮಿನಲ್ಲಿ ನೀರಿರಲಿಲ್ಲ. ಖಾಲಿ ಹೊಟ್ಟೆ, ನೀರು ಕುಡಿದದ್ದು ಕಡಿಮೆ, ಮೇಲೆ ‘ಹತ್ತುವಾಗ ಸೆಕೆ ಆಗುತ್ತೆ’ ಅಂತ ಒಳಗಿನ ಒಂದು ಸ್ವೆಟರ್ ಬಿಚ್ಚಿಟ್ಟಿದ್ದೆ. ಅದಕ್ಕೇ ಕೈ ತಣ್ಣಗಾದರೆ ಟೋಪಿ ಹಾಕಿಕೊಳ್ಳಿ, ಕತ್ತು ಮುಚ್ಚಿಕೊಳ್ಳಿ, ಜಾಕೆಟ್ ಹಾಕಿಕೊಳ್ಳಿ, ಏನಾದರೂ ತಿನ್ನಿ ಅಂತ ನಾನು ಹೇಳೋದು. ಕೇಳಿದವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಕೈ ಅಂದರೆ ಟೋಪಿ ಅನ್ನುತ್ತಾನಲ್ಲ ಅಂತ.

ನೀರುಗಂಟಿಗೂ ಕರುಣೆ ಇದೆ, ಅದನ್ನೂ ಹೇಳಬೇಕು. 1930ರಲ್ಲಿ ಥಾಮಸ್ ಲೂಯಿಸ್ ಅನ್ನುವ ಬ್ರಿಟಿಷ್ ವೈದ್ಯ ಜನರ ಬೆರಳನ್ನು ಮಂಜುಗಡ್ಡೆ ನೀರಿನಲ್ಲಿ ಅದ್ದಿಸಿ ನೋಡಿದ. ಮೊದಲು ಬೆರಳು ಪೂರ್ತಿ ತಣ್ಣಗಾಗುತ್ತದೆ. ಐದು ಹತ್ತು ನಿಮಿಷ ಕಳೆದ ಮೇಲೆ, ಬೆರಳು ನೀರಲ್ಲೇ ಇದ್ದರೂ, ತನ್ನಷ್ಟಕ್ಕೇ ಸ್ವಲ್ಪ ಬಿಸಿಯಾಗುತ್ತದೆ. ಮತ್ತೆ ತಣ್ಣಗಾಗುತ್ತದೆ, ಮತ್ತೆ ಬಿಸಿ. ಬೆಳೆ ಪೂರ್ತಿ ಒಣಗದಿರಲಿ ಅಂತ ಆಗಾಗ ತೂಬು ಎತ್ತಿ ಒಂದಿಷ್ಟು ಬಿಟ್ಟ ಹಾಗೆ. ಆದರೆ ಮೈಯೇ ತಣ್ಣಗಾಗಿದ್ದರೆ ಈ ಕರುಣೆಯೂ ಕಡಿಮೆಯಾಗುತ್ತದೆ.

ಈಗ ಚಳಿಯ ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಚಳಿಯ ಅನುಭವ ಅಷ್ಟೇ. ಇನ್ನೊಂದು ಲೆಕ್ಕ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ನಾವು ಜೀಪಿನಿಂದ ಇಳಿಯುವ ಸಾಂಕ್ರಿಯೇ ಹೆಚ್ಚುಕಡಿಮೆ ಅಷ್ಟು ಎತ್ತರ. ಕರ್ನಾಟಕದ ತುತ್ತತುದಿ ಇದೆಯಲ್ಲ, ಅಲ್ಲಿಂದ ನಮ್ಮ ನಡಿಗೆ ಶುರು. ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಸಾಂಕ್ರಿಗಿಂತ ತುದಿಯಲ್ಲಿ ಹನ್ನೆರಡು ಡಿಗ್ರಿ ಕಡಿಮೆ ಅಂತ ಇಟ್ಟುಕೊಳ್ಳಿ. ಬೆಳಗಿನ ಜಾವ ಶೂನ್ಯಕ್ಕಿಂತ ಐದೋ ಹತ್ತೋ ಡಿಗ್ರಿ ಕೆಳಗೆ ಇರೋದು ಅಲ್ಲಿ ಮಾಮೂಲು.

ಇದರ ಮೇಲೆ ಗಾಳಿ. ಮೈ ಸುತ್ತ ಒಂದು ತೆಳುವಾದ ಬಿಸಿ ಗಾಳಿಯ ಪದರ ಇರುತ್ತದೆ. ಗಾಳಿ ಬೀಸಿದರೆ ಅದು ಹಾರಿಹೋಗುತ್ತದೆ. ಬಿಸಿ ಸಾರನ್ನು ಊದಿ ಆರಿಸುತ್ತೀರಲ್ಲ, ಅದೇ. ಅಂಟಾರ್ಕ್ಟಿಕಾದಲ್ಲಿ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಅನ್ನುವ ಇಬ್ಬರು ನೀರು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ಅಳೆದು ಇದಕ್ಕೊಂದು ಲೆಕ್ಕ ಮಾಡಿದರು. 1945ರಲ್ಲಿ ಪ್ರಕಟವಾಯಿತು. 2001ರಲ್ಲಿ ಅಮೆರಿಕ, ಕೆನಡಾ ಸೇರಿ ಅದನ್ನು ತಿದ್ದಿದವು. ಆ ಹೊಸ ಲೆಕ್ಕದಲ್ಲಿ ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ. ಇಷ್ಟು ದೂರ ಯಾಕೆ, ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಬೈಕಿನಲ್ಲಿ ಹೋದವರು ಕೈ ಎತ್ತಿ. ನೋಡಿ, ಅರ್ಧ ಸಭೆ. ಹತ್ತು ಡಿಗ್ರಿ ಚಳಿಯಲ್ಲಿ ಅರವತ್ತರ ಸ್ಪೀಡಿನಲ್ಲಿ ಹೋದರೆ ನಿಮ್ಮ ಬರಿಗೈಗೆ ಅದು ಐದು ಡಿಗ್ರಿಯ ಹಾಗೆ. ಬ್ರೇಕ್ ಹಿಡಿಯೋಕೆ ಬೆರಳು ಮಡಚದೆ ಒದ್ದಾಡಿದ್ದು ನೆನಪಿದೆ ತಾನೆ?

ಬೈಕ್ ಅಂದಾಗ ನೆನಪಾಯಿತು. ಡೆಲ್ಲಿ ಕಡೆ ಚಳಿಗಾಲದಲ್ಲಿ ಬೈಕು, ಸ್ಕೂಟರುಗಳ ಹ್ಯಾಂಡಲ್ಲಿಗೇ ಒಂದು ದಪ್ಪ ಚೀಲ ಕಟ್ಟಿರುತ್ತಾರೆ. ಕೈಯನ್ನು ಅದರೊಳಗೆ ತೂರಿಸಿಕೊಂಡು ಓಡಿಸೋದು. ನೋಡೋಕೆ ಚೆನ್ನಾಗಿಲ್ಲ, ಹೋರಿಗೆ ಮುಖವಾಡ ಹಾಕಿದ ಹಾಗಿರುತ್ತದೆ. ಆದರೆ ಅದರಷ್ಟು ಜಾಣತನದ ವಸ್ತು ನಾನು ಬೇರೆ ನೋಡಿಲ್ಲ. ಗಾಳಿ ತಾಗೋದೇ ಇಲ್ಲ, ತೆಳು ಗ್ಲೌಸೇ ಸಾಕು. ನಮ್ಮಲ್ಲಿ ಪೇಪರ್ ಹಾಕುವ ಹುಡುಗರು ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳುವುದೂ ಇದೇ ವಿದ್ಯೆ. ಗಾಳಿಯನ್ನು ತಡೆದರೆ ಅರ್ಧ ಚಳಿ ಹೋದಂತೆ.

ಇನ್ನು ಒದ್ದೆ. ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ಬೇಗ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಿಮ ಮುಟ್ಟಿದರೆ ಮಾತ್ರ ಒದ್ದೆ ಅಂತ ತಿಳಿಯಬೇಡಿ. ಹತ್ತುವಾಗ ದಪ್ಪ ಗ್ಲೌಸಿನಲ್ಲಿ ಕೈ ಬೆವರುತ್ತದೆ. ಮೇಲೆ ನಿಂತ ಕೂಡಲೇ ಆ ಬೆವರೇ ಶತ್ರು. ಅದಕ್ಕೆ ಹತ್ತುವಾಗ ತೆಳು ಗ್ಲೌಸ್, ನಿಂತಾಗ ದಪ್ಪದ್ದು. ಕೈ ಬೆಚ್ಚಗಿರುವಾಗಲೇ ದಪ್ಪದ್ದು ಹಾಕಿಕೊಳ್ಳಬೇಕು. ಫ್ಲಾಸ್ಕಿನ ಮಾತು ಮರೆಯಬೇಡಿ. ನೆನೆದ ಗ್ಲೌಸನ್ನು ರಾತ್ರಿ ಹೊರಗೆ ನೇತು ಹಾಕಬೇಡಿ, ನನ್ನ ಕಟಕ ರೊಟ್ಟಿ ನೆನೆಸಿಕೊಳ್ಳಿ. ಚೆನ್ನಾಗಿ ಹಿಂಡಿ, ಒಳಗಿನ ಬನಿಯನ್ ಮೇಲೆ, ಹೊಟ್ಟೆಯ ಹತ್ತಿರ ಇಟ್ಟುಕೊಂಡು ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿ. ಹಿತವಾಗೇನೂ ಇರಲ್ಲ. ಬೆಳಿಗ್ಗೆಗೆ ಒಣಗಿರುತ್ತದೆ, ಕನಿಷ್ಠ ಬೆಚ್ಚಗಾದರೂ ಇರುತ್ತದೆ.

ಸರಿ, ಗ್ಲೌಸಿನ ವಿಚಾರಕ್ಕೆ ಬಂದೆ. ಎಳೆ ಮಗುವಿಗೆ ಕುಲಾವಿ ಜೊತೆ ಕೈಗೊಂದು ಚೀಲ ತೊಡಿಸುತ್ತೇವಲ್ಲ, ಬೆರಳೆಲ್ಲ ಒಟ್ಟಿಗೆ ಇರುವಂಥದ್ದು? ಚಳಿಗೆ ಅದೇ ಸರಿಯಾದ ಡಿಸೈನು. ಅಂಗಡಿಯಲ್ಲಿ ಮಿಟನ್ ಅಂತ ಕೇಳಿ. ಐದು ಬೆರಳಿಗೆ ಐದು ಕೋಣೆ ಕೊಟ್ಟರೆ ಒಂದೊಂದೂ ಒಂಟಿಯಾಗಿ ನಡುಗುತ್ತದೆ. ನಾಲ್ಕನ್ನೂ ಒಂದೇ ಕಂಬಳಿಯಲ್ಲಿ ಮಲಗಿಸಿದರೆ ಒಂದರ ಬಿಸಿ ಇನ್ನೊಂದಕ್ಕೆ. ನಮ್ಮ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಒಂದೇ ಜಮಖಾನದಡಿ ಮಲಗಿಸುತ್ತಿದ್ದರು. ನಡುವೆ ಮಲಗಿದವನೇ ಪುಣ್ಯವಂತ.

ಮಿಟನ್ನಿನ ತೊಂದರೆ ಏನು ಅಂದರೆ ಅದನ್ನು ಹಾಕಿಕೊಂಡು ಏನೂ ಮಾಡಲಾಗಲ್ಲ. ಅದಕ್ಕೇ ಒಳಗೊಂದು ತೆಳು ಗ್ಲೌಸ್ ಇರಲಿ, ಜಿಪ್ಪು, ಫೋನು, ಶೂ ದಾರಕ್ಕೆ. ಅದರ ಮೇಲೆ ಉಣ್ಣೆಯದೋ ಫ್ಲೀಸಿನದೋ ಇನ್ನೊಂದು. ಎಲ್ಲದರ ಮೇಲೆ ನೀರು, ಗಾಳಿ ತೂರದ ಹೊರಚೀಲ. ಮೂರೂ ಸೇರಿ ಸಡಿಲವಾಗಿರಬೇಕು. ಬಿಗಿ ಗ್ಲೌಸ್ ಹಾಕುವುದಕ್ಕಿಂತ ಹಾಕದೆ ಜೇಬಲ್ಲಿ ಕೈ ಇಟ್ಟುಕೊಳ್ಳುವುದು ವಾಸಿ. ಬಿಗಿಯಾದರೆ ರಕ್ತವೂ ಹರಿಯಲ್ಲ, ಬಿಸಿ ಹಿಡಿದಿಡುವ ಗಾಳಿಗೂ ಜಾಗ ಇರಲ್ಲ. ಅಂಗಡಿಯಲ್ಲಿ ಹಾಕಿಕೊಂಡು ಮುಷ್ಟಿ ಬಿಗಿದು ನೋಡಿ. ಎಲ್ಲಾದರೂ ಎಳೆದ ಹಾಗಾದರೆ ಒಂದು ಸೈಜು ದೊಡ್ಡದು ತಗೊಳ್ಳಿ. ಮಣಿಕಟ್ಟು ಪೂರ್ತಿ ಮುಚ್ಚಬೇಕು, ಜಾಕೆಟ್ಟಿನ ತೋಳಿನೊಳಗೆ ಹೋಗುವಷ್ಟು ಉದ್ದ ಇರಬೇಕು. ಬೆರಳಿಗೆ ಹೋಗುವ ರಕ್ತವೆಲ್ಲ ಮಣಿಕಟ್ಟಿನಲ್ಲಿ ಚರ್ಮಕ್ಕೆ ಹತ್ತಿರವೇ ಹಾದುಹೋಗುತ್ತದೆ. ಡಾಕ್ಟರು ನಾಡಿ ಹಿಡಿದು ನೋಡೋದು ಅಲ್ಲೇ ತಾನೆ? ಅಲ್ಲಿ ಎರಡು ಇಂಚು ಬರಿದು ಬಿಟ್ಟರೆ ನಾಲೆಗೇ ತೂತು ಕೊರೆದ ಹಾಗೆ.

ದುಡ್ಡಿನ ಮಾತು. ಎಲ್ಲವನ್ನೂ ಕೊಳ್ಳಬೇಕಿಲ್ಲ. ಸಾಂಕ್ರಿಯಲ್ಲಿ ಬಾಡಿಗೆಗೂ ಸಿಗುತ್ತದೆ. ಉಣ್ಣೆ ಗ್ಲೌಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ದೊಡ್ಡ ಸೈಜಿನದು, ಹಾಕಿಕೊಂಡು ಹಿಮದಲ್ಲಿ ಆಡಿದವರನ್ನು ನಾನು ಕಂಡಿದ್ದೇನೆ. ಹೊರಗಿನ ಹಿಮ ಒಳಗೆ ಬರಲ್ಲ. ಒಳಗಿನ ಬೆವರೂ ಹೊರಗೆ ಹೋಗಲ್ಲ, ಅದರಿಂದ ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಆದರೆ ಒಂದರಲ್ಲಿ ಜಿಪುಣತನ ಮಾಡಬೇಡಿ: ಇನ್ನೊಂದು ಜೊತೆ ಒಣ ಗ್ಲೌಸ್ ಚೀಲದಲ್ಲಿ ಇರಲೇಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆಯೇ ಸಿಗುವ ಹಾಗೆ.

ಯಾಕೆ ಅಂದರೆ ಗ್ಲೌಸ್ ಕಳೆಯುತ್ತದೆ. ಎಂಥವರದ್ದೂ ಕಳೆಯುತ್ತದೆ. 1950ರ ಜೂನ್ 3ರಂದು ಮೋರಿಸ್ ಎರ್ಜೋಗ್ ಮತ್ತು ಲೂಯಿ ಲಾಶೆನಾಲ್ ಅನ್ನುವ ಫ್ರೆಂಚರು ಅನ್ನಪೂರ್ಣ ಶಿಖರದ ತುದಿ ತಲುಪಿದರು. ಎಂಟು ಸಾವಿರ ಮೀಟರ್ ದಾಟಿದ ಶಿಖರವೊಂದನ್ನು ಮನುಷ್ಯ ಹತ್ತಿದ್ದು ಅದೇ ಮೊದಲು. ಇಳಿಯುವಾಗ ಎರ್ಜೋಗ್ ಚೀಲ ಬಿಚ್ಚೋಕೆ ಅಂತ ಗ್ಲೌಸ್ ಕಳಚಿ ಪಕ್ಕಕ್ಕೆ ಇಟ್ಟ. ಅವು ಇಳಿಜಾರಿನಲ್ಲಿ ಜಾರಿ ಹೋದವು. ಅವನು ನೋಡುತ್ತಲೇ ನಿಂತ. ಬರಿಗೈಯಲ್ಲಿ ಇಳಿದ. ಕೊನೆಗೆ ಅವನ ಬೆರಳುಗಳನ್ನು ಕತ್ತರಿಸಬೇಕಾಯಿತು, ಕಾಲಿನವನ್ನೂ. ನನಗೆ ಈ ಕಥೆಯಲ್ಲಿ ಕರುಳು ಹಿಂಡುವುದು ಯಾವುದು ಗೊತ್ತಾ? ಅವನ ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇತ್ತು. ಕೈಗೆ ಹಾಕಿಕೊಳ್ಳಬಹುದಿತ್ತು. ಹೊಳೆಯಲೇ ಇಲ್ಲ ಅಂತ ಆಮೇಲೆ ಅವನೇ ಬರೆದುಕೊಂಡ. ಆ ಎತ್ತರದಲ್ಲಿ ಬುದ್ಧಿಯೂ ಕೈಯ ಹಾಗೆ ಮರಗಟ್ಟುತ್ತದೆ. ನಮ್ಮ ಗೈಡ್ ಹುಡುಗ ಕಾಲುಚೀಲ ತೆಗೆದು ನನ್ನ ಕೈಗೆ ಹಾಕಿದ್ದನ್ನು ನೆನೆಸಿಕೊಂಡರೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಅದರಿಂದ ಗ್ಲೌಸಿಗೆ ದಾರ ಕಟ್ಟಿ. ಎಲ್‌ಕೆಜಿ ಮಕ್ಕಳ ವಾಟರ್ ಬಾಟಲಿಗೆ ಇರುತ್ತದಲ್ಲ, ಹಾಗೆ. ಕಳಚಿದರೆ ಮಣಿಕಟ್ಟಿಗೆ ನೇತಾಡಲಿ. ಜಾಕೆಟ್ಟಿನ, ಚೀಲದ ಪ್ರತಿ ಜಿಪ್ಪಿಗೂ ಒಂದೊಂದು ದಾರದ ಕುಣಿಕೆ ಹಾಕಿಕೊಂಡು ಬನ್ನಿ, ಮಿಟನ್ ಹಾಕಿಕೊಂಡೇ ಎಳೆಯಬಹುದು. ಅಮ್ಮನೋ ಹೆಂಡತಿಯೋ ಹಾಕಿಕೊಡಲಿ ಅಂತ ಕಾಯಬೇಡಿ, ಹತ್ತು ನಿಮಿಷದ ಕೆಲಸ.

ಬಿಸಿ ಪ್ಯಾಕೆಟ್ಟುಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಅಲುಗಿಸಿದರೆ ಬಿಸಿಯಾಗುವ ಬಿಳಿ ಪೊಟ್ಟಣದಲ್ಲಿ ಇರೋದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲ ಪುಡಿ, ಒಂಚೂರು ನೀರು. ಗಾಳಿ ಸೋಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುವಾಗ ಬಿಸಿ ಹೊರಬರುತ್ತದೆ. ನಿಮ್ಮ ಮನೆ ಗೇಟೂ ಹೀಗೆ ಬಿಸಿ ಬಿಡುತ್ತಿದೆ, ವರ್ಷಗಟ್ಟಲೆ ಎಳೆಯೋದರಿಂದ ಗೊತ್ತಾಗಲ್ಲ ಅಷ್ಟೇ. ಪೊಟ್ಟಣದಲ್ಲಿ ಅದೇ ಕೆಲಸ ಏಳೆಂಟು ಗಂಟೆಯಲ್ಲಿ ಮುಗಿಯುತ್ತದೆ. ಹೊರಡುವ ಕಾಲು ಗಂಟೆ ಮೊದಲೇ ಒಡೆದು ಗಾಳಿಗೆ ಹಿಡಿಯಿರಿ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಮುಚ್ಚಿದ ಮಿಟನ್ನಿನೊಳಗೆ ಇನ್ನೂ ಕಡಿಮೆ, ಅಲ್ಲಿ ಅದು ಮಂಕಾಗುತ್ತದೆ. ಆಗಾಗ ಹೊರತೆಗೆದು ಅಲುಗಿಸಬೇಕು. ಬರಿ ಚರ್ಮಕ್ಕೆ ಒತ್ತಿ ಇಟ್ಟುಕೊಳ್ಳಬೇಡಿ, ಸುಡುತ್ತದೆ. ಇನ್ನೊಂದು ನಮೂನೆ ಇದೆ, ಒಳಗಿನ ಬಿಲ್ಲೆಯನ್ನು ಟಕ್ ಅನ್ನಿಸಿದರೆ ನೀರಿನಂತಿದ್ದದ್ದು ಗಟ್ಟಿಯಾಗಿ ಬಿಸಿಯಾಗುತ್ತದೆ. ಕುದಿಯುವ ನೀರಲ್ಲಿ ಹಾಕಿದರೆ ಮತ್ತೆ ಮೊದಲಿನಂತೆ. ಆಟಕ್ಕೆ ಚೆನ್ನ, ಬಿಸಿ ತುಂಬ ಹೊತ್ತು ಇರಲ್ಲ.

ನನಗೆ ಇಷ್ಟ ಸ್ಟೀಲ್ ಬಾಟಲಿ. ರಾತ್ರಿ ಅಡುಗೆಯವರ ಹತ್ತಿರ ಬಿಸಿನೀರು ಹಾಕಿಸಿ, ಮುಚ್ಚಳ ಗಟ್ಟಿ ಮಾಡಿ, ಕಾಲುಚೀಲದೊಳಗೆ ಇಟ್ಟು ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ. ಕೈಯೂ ಬೆಚ್ಚಗೆ, ಕಾಲುಚೀಲವೂ ಒಣಗುತ್ತದೆ, ಬೆಳಿಗ್ಗೆ ಕುಡಿಯಲು ನೀರೂ ಗಡ್ಡೆ ಕಟ್ಟಿರಲ್ಲ.

ಒಂದು ಮಾತು ಮಾತ್ರ ಗದರಿಸಿಯೇ ಹೇಳುತ್ತೇನೆ. ಮಲೆನಾಡಿನವರಿಗೆ ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ಗೊತ್ತು. ಕಾಶ್ಮೀರಿಗಳು ಬೆತ್ತದಂಥ ಕಡ್ಡಿಯ ಬುಟ್ಟಿಯಲ್ಲಿ ಮಣ್ಣಿನ ಕುಡಿಕೆ ಇಟ್ಟು, ಕೆಂಡ ತುಂಬಿ, ಫಿರನ್ ಅನ್ನುವ ದೊಗಲೆ ನಿಲುವಂಗಿಯ ಒಳಗೇ ಹಿಡಿದುಕೊಂಡು ಓಡಾಡುತ್ತಾರೆ. ಅದಕ್ಕೆ ಕಾಂಗ್ರಿ ಅನ್ನುತ್ತಾರೆ. ಇದನ್ನೆಲ್ಲ ನೆನೆಸಿಕೊಂಡು ಯಾರೂ ಟೆಂಟಿನೊಳಗೆ ಕೆಂಡ ತರಬಾರದು. ಸ್ಟೌವೂ ಹಚ್ಚಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಪ್ರತಿ ಚಳಿಗಾಲ ಎಲ್ಲಾದರೂ ಇಂಥ ಸುದ್ದಿ ಓದುತ್ತೇವೆ.

ಹಾಗೇ ‘ಎರಡು ಪೆಗ್ ಹಾಕಿದರೆ ಬೆಚ್ಚಗಾಗುತ್ತೆ’ ಅನ್ನುವವರು ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ, ಕಾಣುತ್ತಿದೆ. ಬೆಚ್ಚಗೆ ಅನಿಸುತ್ತದೆ ನಿಜ. ಕುಡಿತ ತೂಬುಗಳನ್ನೆಲ್ಲ ಒಟ್ಟಿಗೆ ತೆಗೆಸುತ್ತದೆ. ಚರ್ಮಕ್ಕೆ ಬಿಸಿ ರಕ್ತ ಬರುತ್ತದೆ, ಹೊರಗಿನ ಚಳಿಗೆ ಸೋರಿಹೋಗುತ್ತದೆ, ಡ್ಯಾಮು ಖಾಲಿ. ಸಿಗರೇಟು ತಿರುಗಾಮುರುಗ, ಬೆರಳಿನ ರಕ್ತನಾಳವನ್ನೇ ಬಿಗಿಯುತ್ತದೆ. ಎರಡೂ ಕೆಳಗೆ ಬಂದ ಮೇಲೆ ನಿಮ್ಮಿಷ್ಟ.

ತುದಿಗೆ ಹೋಗುವ ಬೆಳಗಿನ ಜಾವ ಹೇಗಿರಬೇಕು ಅಂತ ಹೇಳಿಬಿಡುತ್ತೇನೆ. ಬರಿಗೈ ಕೆಲಸವೆಲ್ಲ ಟೆಂಟಿನೊಳಗೇ ಮುಗಿಯಬೇಕು: ಶೂ ದಾರ, ಗೇಟರ್ (ಶೂ ಒಳಗೆ ಹಿಮ ಹೋಗದಂತೆ ಕಾಲಿಗೆ ಕಟ್ಟುವ ಹೊದಿಕೆ), ಟಾರ್ಚಿನ ಬ್ಯಾಟರಿ. ಉಂಗುರ ಬೆರಳಲ್ಲಿ ಬೇಡ, ಊರಲ್ಲೇ ಬಿಟ್ಟು ಬನ್ನಿ. ಹಸಿವಿಲ್ಲದಿದ್ದರೂ ಏನಾದರೂ ತಿನ್ನಿ. ಶೇಂಗಾ ಉಂಡೆ ಜೇಬಿನಲ್ಲಿರಲಿ, ಗಂಟೆಗೊಂದು. ಕೋಲನ್ನು ಹಾವಿನ ಕತ್ತು ಹಿಡಿದ ಹಾಗೆ ಹಿಡಿಯಬೇಡಿ. ಹೊಸಬರೆಲ್ಲ ಹಾಗೇ ಹಿಡಿಯೋದು. ಬಿಗಿದ ಮುಷ್ಟಿಗೆ ರಕ್ತ ಬರಲ್ಲ. ಅದರ ಪಟ್ಟಿಯೂ ಸಡಿಲ ಇರಲಿ. ನಿಂತಾಗೆಲ್ಲ ಬೆರಳು ಆಡಿಸುತ್ತಿರಿ. ಅದಕ್ಕೂ ಮೀರಿ ತಣ್ಣಗಾದರೆ ತೋಳನ್ನು ಪೂರ್ತಿ ಚಾಚಿ ಭುಜದಿಂದ ಗಿರಗಿರ ಸುತ್ತಿಸಿ, ಬಾವಿ ರಾಟೆಯಂತೆ. ಇಪ್ಪತ್ತು ಮೂವತ್ತು ಸುತ್ತು, ಜೋರಾಗಿ. ಬಕೆಟ್ಟಿನಲ್ಲಿ ನೀರು ತುಂಬಿ ಬೀಸಿದರೆ ನೀರು ತಳಕ್ಕೆ ಒತ್ತಿಕೊಳ್ಳುತ್ತದಲ್ಲ, ಹಾಗೆ ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಪಕ್ಕದವರ ಮೂಗು ನೋಡಿಕೊಂಡು ಬೀಸಿ. ಆಮೇಲೆ ಇಪ್ಪತ್ತು ಬಸ್ಕಿ. ಬೆರಳಿಗೆ ಬಸ್ಕಿ ಯಾಕೆ ಅಂತ ಈಗ ಯಾರೂ ಕೇಳಲ್ಲ ಅಂದುಕೊಂಡಿದ್ದೇನೆ.

ಬಿಸಿ ವಾಪಸ್ಸು ಬರುವಾಗ ಉರಿ ಕಿತ್ತುಕೊಂಡು ಬರುತ್ತದೆ. ಕೆಲವರು ಅತ್ತೂ ಬಿಡುತ್ತಾರೆ. ಅದು ಒಳ್ಳೆಯ ಲಕ್ಷಣ. ಹೆದರಬೇಕಾದದ್ದು ನಾನು ಖುಷಿಪಟ್ಟೆನಲ್ಲ, ಆ ಘಳಿಗೆಗೆ. ನೋವು ಇದ್ದಕ್ಕಿದ್ದಂತೆ ನಿಂತು, ಬೆರಳು ಮೇಣದಬತ್ತಿಯ ಹಾಗೆ ಬಿಳುಪಾಗಿ, ಒತ್ತಿದರೆ ಗಟ್ಟಿ ಅನಿಸಿದರೆ ಕೂಡಲೇ ಗೈಡಿಗೆ ಹೇಳಿ. ಮುಚ್ಚಿಡಬೇಡಿ. ತುದಿ ಎಲ್ಲಿಗೂ ಓಡಿಹೋಗಲ್ಲ.

ಆಗ ಉಜ್ಜಬಾರದು. ಹಿಮದಿಂದಂತೂ ಉಜ್ಜಲೇಬಾರದು. ಈ ಹಿಮದಿಂದ ಉಜ್ಜುವ ಪದ್ಧತಿಗೆ ದೊಡ್ಡ ಇತಿಹಾಸ ಇದೆ. 1812ರಲ್ಲಿ ನೆಪೋಲಿಯನ್ನನ ಸೈನ್ಯ ರಷ್ಯಾದಿಂದ ವಾಪಸ್ಸು ಬರುವಾಗ, ಸೈನಿಕರು ಸೆಟೆದ ಕೈಕಾಲನ್ನು ರಾತ್ರಿ ಬೆಂಕಿಗೆ ಹಿಡಿಯುತ್ತಿದ್ದರು, ಹಗಲು ನಡೆದು ಮತ್ತೆ ಹೆಪ್ಪುಗಟ್ಟಿಸಿಕೊಳ್ಳುತ್ತಿದ್ದರು. ಅವನ ಶಸ್ತ್ರವೈದ್ಯ ಲಾರೆ ಇದನ್ನು ನೋಡಿ, ಬೆಂಕಿಯೇ ತಪ್ಪು, ಹಿಮದಿಂದ ನಿಧಾನಕ್ಕೆ ಉಜ್ಜಿ ಅಂದ. ಬೆಂಕಿ ಬೇಡ ಅಂದದ್ದು ಸರಿ. ಮರಗಟ್ಟಿದ ಬೆರಳಿಗೆ ಸುಡೋದು ಗೊತ್ತೇ ಆಗಲ್ಲ. ಆದರೆ ಹಿಮದ ಮಾತನ್ನು ಜನ ನೂರು ವರ್ಷಕ್ಕೂ ಮೇಲೆ ನಂಬಿಕೊಂಡು ಬಂದರು. 1960ರ ಹೊತ್ತಿಗೆ ಅಲಾಸ್ಕಾದ ವೈದ್ಯ ವಿಲಿಯಂ ಮಿಲ್ಸ್, ಬೆಚ್ಚನೆ ನೀರಿನಲ್ಲಿ ಬೇಗ ಕರಗಿಸೋದೇ ಸರಿ ಅಂತ ತೋರಿಸಿಕೊಟ್ಟರು. ಈಗ ಹೇಳುವುದು 37ರಿಂದ 39 ಡಿಗ್ರಿ ನೀರು. ಥರ್ಮಾಮೀಟರ್ ಇಲ್ವಾ? ಮಗುವಿಗೆ ಎರೆಯುವ ಮೊದಲು ಮೊಣಕೈ ಅದ್ದಿ ನೋಡುತ್ತಾರಲ್ಲ, ಹಾಗೆ ನೋಡಿ. ಅದೂ ಗಾಯವಾದವನ ಮೊಣಕೈ ಬೇಡ, ಬೇರೆಯವರದ್ದು. ಇನ್ನೂ ಒಂದು ಷರತ್ತು ಇದೆ. ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಕರಗಿಸಬೇಡಿ, ಸುತ್ತಿಕೊಂಡು ಕೆಳಗಿಳಿಸಿ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಹಾನಿ ಇನ್ನೂ ದೊಡ್ಡದು.

ಇದು ಎಲ್ಲರಿಗೂ ಅಲ್ಲ, ಕೆಲವರಿಗೆ. ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆದರೂ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುವವರು ಇದ್ದೀರಾ? ಫ್ರಾನ್ಸಿನ ಮೋರಿಸ್ ರೇನೋ 1862ರಲ್ಲೇ ಇದರ ಬಗ್ಗೆ ಬರೆದಿದ್ದ, ಅವನ ಹೆಸರಿನಿಂದಲೇ ಕರೆಯುತ್ತಾರೆ. ಹೆಂಗಸರಲ್ಲಿ ಜಾಸ್ತಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕೈ ತಣ್ಣಗಾಗುತ್ತದೆ. ಅಂಥವರು ಹೊರಡುವ ಮೊದಲು ಡಾಕ್ಟರ ಹತ್ತಿರ ಮಾತಾಡಿ, ನನ್ನ ಹತ್ತಿರ ಅಲ್ಲ.

ಫೋಟೋ ಹೇಗೆ ತೆಗೆಯೋದು ಅಂತ ಈ ತಂಗಿ ಆಗಲೇ ಎರಡು ಸಲ ಕೈ ಎತ್ತಿದ್ದಾರೆ. ತೆಗೆಯಿರಿ, ತಪ್ಪೇನಿಲ್ಲ, ಅಲ್ಲಿಂದ ಸ್ವರ್ಗಾರೋಹಿಣಿ ಶಿಖರ ಕಾಣುವಾಗ ತೆಗೆಯದೆ ಇರಲಾಗಲ್ಲ. ತೆಳು ಗ್ಲೌಸ್ ಕಳಚಬೇಡಿ, ಸ್ಕ್ರೀನಿಗೆ ಕೆಲಸ ಮಾಡುವಂಥದ್ದನ್ನೇ ಕೊಳ್ಳಿ. ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿಯೂ ಸಾಯುತ್ತದೆ. ಒಬ್ಬರು ಎಲ್ಲರ ಫೋಟೋ ತೆಗೆಯಲಿ, ಐದು ನಿಮಿಷಕ್ಕೆ ಆಳು ಬದಲಾಗಲಿ. ಹನ್ನೆರಡು ಜನ ಹನ್ನೆರಡು ಫೋನ್ ಹಿಡಿದು ನಿಂತರೆ ಇಪ್ಪತ್ನಾಲ್ಕು ಕೈ ಹಾಳು.

ಈಗ ಮೇಜಿನ ಮೇಲೆ ಮೂರು ಜೊತೆ ಮಿಟನ್ ಇಟ್ಟಿದ್ದೇನೆ, ಪಕ್ಕದಲ್ಲಿ ಚಿಕ್ಕಿ ಪ್ಯಾಕೆಟ್. ಮೂರು ಜನ ಮುಂದೆ ಬನ್ನಿ. ಮಿಟನ್ ಹಾಕಿಕೊಂಡು ಪ್ಯಾಕೆಟ್ ಒಡೆಯಬೇಕು. ಹಲ್ಲಿನಲ್ಲಿ ಕಚ್ಚಬಹುದು, ಗ್ಲೌಸ್ ಮಾತ್ರ ಕಳಚುವಂತಿಲ್ಲ. ಒಡೆದವರಿಗೇ ಚಿಕ್ಕಿ. ಆಗದವರು ಇವತ್ತು ರಾತ್ರಿಯೇ ಮನೆಯಲ್ಲಿ ಚಿಕ್ಕಿಯನ್ನೆಲ್ಲ ಬಿಚ್ಚಿ, ತುಂಡು ಮಾಡಿ, ಬಾಯಿ ಅಗಲದ ಡಬ್ಬಿಗೆ ತುಂಬಿಸಿಡಿ.